ಆಯುಧ ಪೂಜೆಯ ದಿನ ಏಳದ ಕಂಪ್ಯೂಟರು

ಕಂಪ್ಯೂಟರ್ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯವಾಗಿತ್ತು. ಈ ಅಭಿಪ್ರಾಯ ನನ್ನೊಬ್ಬನಿಗೇ ಇತ್ತು ಎನ್ನುವುದು ಬೇರೆ ಮಾತು. ಕೆಜಿಎಫ್‌ನ ಕಾರ್ಖಾನೆಯಲ್ಲಿ ನಾನು ನೋಡಿಕೊಳ್ಳುತ್ತಿದ್ದದ್ದು ಈಗಿನವರು ತೊಡೆಯ ಮೇಲೆ ಇಟ್ಟುಕೊಳ್ಳುವ ಆಟಿಕೆಯನ್ನಲ್ಲ, ಬೀರುವಿನಷ್ಟು ಎತ್ತರದ ಮಿನಿ ಕಂಪ್ಯೂಟರನ್ನು. ಆ ಕಾಲಕ್ಕೆ ಅದೇ ಮಿನಿ! ಮುಂದಿರುವ ಸ್ವಿಚ್ಚುಗಳನ್ನು ಕ್ರಮವಾಗಿ ಮೇಲೆ ಕೆಳಗೆ ಮಾಡಬೇಕು, ಆಮೇಲೆ ತೂತು ಕೊರೆದ ಕಾಗದದ ಪಟ್ಟಿಯನ್ನು ಬಾಯಿಗೆ ಕೊಡಬೇಕು. ಆಗ ಅದು ಏಳುತ್ತದೆ, ಅಂದರೆ ಬೂಟ್ ಆಗುತ್ತದೆ.

ಅದೂ ನಾನೂ ನಿವೃತ್ತರಾದ ಮೇಲೆ ಅದು ಉರಿಗಾಂನಲ್ಲಿರುವ ನಮ್ಮ ಸ್ಟಾಫ್ ಕ್ಲಬ್ಬಿನ ಮೂಲೆ ಸೇರಿತ್ತು. ಕ್ಲಬ್ಬಿನ ಕಾರ್ಯದರ್ಶಿ ಸೆಲ್ವರಾಜ್‌ಗೆ ಆ ಮೂಲೆಯ ಮೇಲೆ ಕಣ್ಣು.

“ಸಾರ್, ಆಯುಧ ಪೂಜೆ ದಿನ ಎಲ್ಲಾರ ಮುಂದೆ ಓಡ್ಸಿ ತೋರ್ಸಿ. ಓಡಿದ್ರೆ ಇರ್ಲಿ. ಇಲ್ಲಾಂದ್ರೆ ರಾಬರ್ಟ್‌ಸನ್‌ಪೇಟೆ ಗುಜರಿಯವನಿಗೆ ಕೊಟ್ಬಿಟ್ಟು ಅಲ್ಲಿ ಕ್ಯಾರಂ ಬೋರ್ಡ್ ಆಕ್ತೀವಿ” ಎಂದ.

ನಿವೃತ್ತನಾದ ಮೇಲೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಮನೆಯಲ್ಲಿ ಮಿಕ್ಸಿ ಕೆಟ್ಟರೂ ನನ್ನ ಹೆಂಡತಿ ಸರೋಜ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂಗಾರಪೇಟೆಯ ತನ್ನ ಅಣ್ಣನ ಹತ್ತಿರ ಒಯ್ಯುತ್ತಾಳೆ. ನಾನು ಬೇಕು ಎನ್ನುವ ಯಂತ್ರ ಜಗತ್ತಿನಲ್ಲಿ ಇದೊಂದೇ. ಇದನ್ನು ಗುಜರಿಗೆ ಹಾಕಿದರೆ ನನ್ನನ್ನೂ ತಕ್ಕಡಿಗೆ ಹಾಕಿದ ಹಾಗೆ.

ಪೂಜೆಯ ಹಿಂದಿನ ದಿನ ಓಡಿಸಿ ನೋಡಿದೆ. ದೀಪಗಳು ಮಿನುಗಿದವು, ಪಟ್ಟಿ ಸರಸರ ಸರಿಯಿತು, ಕಂಪ್ಯೂಟರ್ ಎದ್ದಿತು! ಆ ಖುಷಿಯಲ್ಲಿ ಮರುದಿನ ಬೆಳಿಗ್ಗೆ ಪೂಜೆಯನ್ನೂ ನಾನೇ ವಹಿಸಿಕೊಂಡೆ. ಪ್ರತಿ ಸ್ವಿಚ್ಚಿನ ಮೇಲೂ ಕುಂಕುಮದ ಬೊಟ್ಟು, ನೆತ್ತಿಗೆ ಚೆಂಡುಹೂವಿನ ಹಾರ. ಪಟ್ಟಿಯನ್ನು ಓದುವ ಭಾಗದಲ್ಲಿ ಒಂದು ಪುಟ್ಟ ಗಾಜು ಇತ್ತು. ಥೇಟ್ ಹಣೆ! ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳಲ್ಲಿ ಅಲ್ಲಿಗೆ ದಪ್ಪಗೆ ಎಳೆದೆ.

ಸದಸ್ಯರು ಸಂಸಾರ ಸಮೇತ ಬಂದು ಕೂತರು. ನಾನು ಗಂಟಲು ಸರಿಮಾಡಿಕೊಂಡು ಸ್ವಿಚ್ಚುಗಳನ್ನು ಆಡಿಸಿದೆ, ಪಟ್ಟಿ ಕೊಟ್ಟೆ. ಪಟ್ಟಿ ಈ ಕಡೆಯಿಂದ ಹೊಕ್ಕು ಆ ಕಡೆ ಬಿತ್ತು. ಕಂಪ್ಯೂಟರ್ ಏಳಲಿಲ್ಲ. ಮತ್ತೆ ಕೊಟ್ಟೆ. ಊಹೂಂ! ಅಂಗೈ ಬೆವರಿ ಸ್ವಿಚ್ಚಿನ ಕುಂಕುಮವೆಲ್ಲ ನನ್ನ ಬಿಳಿ ಶರ್ಟಿಗೆ ಬಂತು.

“ಏನ್ರೀ, ಎದ್ದೇಳ್ತದಾ ಇಲ್ವಾ?” ಸರೋಜ ಪಿಸುಗುಟ್ಟಿದಳು.

“ವೋಲ್ಟೇಜ್ ಕಡಿಮೆ” ಎಂದು ಗಂಭೀರವಾಗಿ ಘೋಷಿಸಿದೆ. ಸೆಲ್ವರಾಜ್ ತಲೆಯೆತ್ತಿ ನೋಡಿದ. ಫ್ಯಾನು ಕಿತ್ತುಕೊಂಡು ಬರುವಷ್ಟು ಜೋರಾಗಿ ತಿರುಗುತ್ತಿತ್ತು.

“ಹಾಗಾದ್ರೆ ವೋಲ್ಟೇಜ್ ಜಾಸ್ತಿ” ಎಂದೆ.

ಕರೆಂಟು ತೆಗೆದು, ಹಿಂದಿನ ಬಾಗಿಲು ಬಿಚ್ಚಿ, ಒಳಗಿನ ಸರ್ಕ್ಯೂಟ್ ಕಾರ್ಡುಗಳನ್ನೆಲ್ಲ ಎಳೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಯಾವುದು ಯಾವ ಖಾನೆಯದೆಂದು ಪ್ರತಿಯೊಂದರ ಪಕ್ಕ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ವೈಜ್ಞಾನಿಕ ಪದ್ಧತಿ ಎನ್ನುವುದು ಇದನ್ನೇ.

“ಸಾರ್, ಸ್ವಲ್ಪ ಮೇಜು ಬಿಡಿ. ಪುರಿ, ಕಡ್ಲೆ ಇಡ್ಬೇಕು” ಎಂದ ಸೆಲ್ವರಾಜ್.

ಮೊದಲೇ ಗಾಬರಿಯಲ್ಲಿದ್ದ ನಾನು ಅಷ್ಟೂ ಕಾರ್ಡುಗಳನ್ನು ಬಾಚಿ ತೋಳಲ್ಲಿ ಎತ್ತಿಕೊಂಡೆ. ಗುರುತುಗಳು ಮೇಜಿನ ಮೇಲೇ ಉಳಿದವು!

ಹಾಗೆ ಕಟ್ಟಿಗೆ ಹೊತ್ತವನಂತೆ ನಿಂತಾಗಲೇ ನನ್ನ ಕಣ್ಣು ಆ ಗಾಜಿನ ಮೇಲೆ ಬಿತ್ತು. ಪಟ್ಟಿಯ ತೂತುಗಳ ಮೂಲಕ ಬೆಳಕು ಹಾಯಬೇಕಾದದ್ದು ಅದೇ ಗಾಜಿನಲ್ಲಿ. ವಿಭೂತಿ ಗೋಡೆಗೆ ಸುಣ್ಣ ಬಳಿದಂತೆ ಒಣಗಿ ಕೂತಿತ್ತು. ಒಂದು ಒದ್ದೆ ಬಟ್ಟೆಯಲ್ಲಿ ಮುಗಿಯುವ ಕೆಲಸಕ್ಕೆ ನಾನು ಅದರ ಕರುಳನ್ನೇ ಬಗೆದಿದ್ದೆ!

ಗಾಜು ಒರೆಸಿದೆ. ಕಾರ್ಡುಗಳನ್ನು ಅಂದಾಜಿನ ಮೇಲೆ ಒಂದೊಂದು ಖಾನೆಗೆ ತೂರಿಸಿದೆ. ದೇವರ ಮೇಲೆ ಭಾರ ಹಾಕಿ ಸ್ವಿಚ್ಚು ಒತ್ತಿದೆ.

ಟಪ್! ಹಿಂದಿನಿಂದ ಹೊಗೆ ಎದ್ದಿತು. ಜನ ಮಂಗಳಾರತಿ ಎಂದುಕೊಂಡು ಎದ್ದು ನಿಂತು ಕೈ ಮುಗಿದರು. ಯಾರೋ ಗಂಟೆಯನ್ನೂ ಬಾರಿಸಿದರು.

“ಅಯ್ಯೋ, ಕರ್ಪೂರ ಅಲ್ರೀ ಅದು, ಕಂಪ್ಯೂಟ್ರು! ಕರೆಂಟ್ ತೆಗೀರಿ!” ಸರೋಜ ಕೂಗಿಕೊಂಡಳು.

ನಾನು ಕುಸಿದು ಕೂತೆ. ದುಃಖ ಒತ್ತರಿಸಿ ಬಂತು. ಸೆಲ್ವರಾಜ್ ಹಿರಿಯ ಸದಸ್ಯರೊಡನೆ ಗುಸುಗುಸು ಮಾತಾಡಿ ನನ್ನ ಬಳಿ ಬಂದ.

“ಗುಜರಿಗೆ ಬೇಡ ಸಾರ್. ಎಲ್ಲಾರೂ ಕೈ ಮುಗಿದ್ಬಿಟ್ರು. ಕೈ ಮುಗಿದಿದ್ದನ್ನ ತೂಕಕ್ಕೆ ಆಕಿದ್ರೆ ಒಳ್ಳೇದಾಗಲ್ಲ. ಇಲ್ಲೇ ಇರ್ಲಿ.”

ನನಗೆ ಹೋದ ಜೀವ ಬಂತು. “ನಾಳೆಯಿಂದ ದಿನಾ ಬಂದು ರಿಪೇರಿ ಮಾಡ್ತೀನಿ ಸೆಲ್ವರಾಜ್” ಎಂದೆ, ಕಣ್ಣೊರೆಸಿಕೊಳ್ಳುತ್ತ.

“ಅಯ್ಯೋ ಮುರುಗಾ! ಅದೊಂದು ಬೇಡ ಸಾರ್!”

ಈಗ ಅದರ ಸುತ್ತ ಹಗ್ಗ ಕಟ್ಟಿದ್ದಾರೆ. ಸಂಜೆ ಹೊತ್ತು ನಾನು ಎದುರಿನ ಬೆಂಚಿನಲ್ಲಿ ಸುಮ್ಮನೆ ಕೂತಿರುತ್ತೇನೆ. ಕ್ಲಬ್ಬಿಗೆ ಹೊಸಬರು ಬಂದರೆ ಸೆಲ್ವರಾಜ್ ಅಭಿಮಾನದಿಂದ ತೋರಿಸುತ್ತಾನೆ: “ಇದು ಕೆಟ್ಟೋಗಿರೋ ಕಂಪ್ಯೂಟರು. ಅಲ್ಲಿ ಕೂತಿದಾರಲ್ಲ, ಅವ್ರು ಕೆಡಿಸಿದವರು.”

ನಾನು ಕೂತಲ್ಲಿಂದಲೇ ನಮಸ್ಕಾರ ಮಾಡುತ್ತೇನೆ.