ನೇರ ಬಾಣಕ್ಕೆ ಹೊತ್ತ ಹರಕೆ

ದೇವರ ಮೇಲೆ ಭಾರ ಹಾಕಿ ಮನೆ ಬಿಟ್ಟವಳಿಗೆ ನಗುವ ಪ್ರಸಂಗಗಳು ತಾವೇ ಎದುರಾಗುತ್ತವೆ. ತೆಲಂಗಾಣ ಚಳವಳಿಯ ವರ್ಷಗಳಲ್ಲಿ ಬಸ್ಸು ಸಿಗುತ್ತಿರಲಿಲ್ಲ, ಪ್ರಸಂಗಗಳಿಗೆ ಮಾತ್ರ ಬರವಿರಲಿಲ್ಲ. ನಾನು ಆಸ್ಪತ್ರೆಯ ನರ್ಸು; ಬಿ.ಪಿ. ಇದ್ದವರಲ್ಲಿ ಅರ್ಧ ಜನರ ಮನೆಗೆ ನಾನೇ ಗುಳಿಗೆ ಒಯ್ದು ವಿಚಾರಿಸಿ ಬರುತ್ತಿದ್ದೆ. ಉಳಿದವರು ತಾವೇ ಆಸ್ಪತ್ರೆಯಿಂದ ಒಯ್ಯುತ್ತಿದ್ದರು. ಯಾರು ಎಷ್ಟು ಕಾಲ ಲಕ್ವಾ ಹೊಡೆಯದೆ ಬಾಳುತ್ತಾರೆಂದು ನಮ್ಮ ಡಾಕ್ಟರು ಹೋಲಿಸಿ ನೋಡುತ್ತಿದ್ದರು.

ಜಹೀರಾಬಾದ್

ಡಾಕ್ಟರು ಬೋರ್ಡಿನ ಮೇಲೆ ಭೇಟಿಯಿಂದ ಗುಳಿಗೆಗೆ, ಗುಳಿಗೆಯಿಂದ ಆಯುಷ್ಯಕ್ಕೆ ಬಾಣ ಎಳೆದರು. ಆಮೇಲೆ ಭೇಟಿಯಿಂದ ಆಯುಷ್ಯಕ್ಕೆ ನೇರವಾಗಿ ಇನ್ನೊಂದು, ಅಂದರೆ ಗುಳಿಗೆಯ ಹಂಗಿಲ್ಲದೆ ಬರೀ ಭೇಟಿಯಿಂದಲೇ ಆಗುವ ಗುಣ. ಈ ನೇರ ಬಾಣ ಸುಳ್ಳಾದರೆ ಗುಳಿಗೆ ಅಂಚೆಯಲ್ಲಿ ಹೋದರೆ ಸಾಕು, ನಿಮ್ಮ ಓಡಾಟ ಬೇಡ ಎಂದರು. ಆ ಬಾಣ ನಿಜವಾಗಲೆಂದು ಅಲ್ಲೇ ಸಂಗಮೇಶ್ವರನಿಗೆ ತೆಂಗಿನಕಾಯಿ ಹರಕೆ ಹೊತ್ತೆ. ಬಂದ್ ದಿನಗಳಲ್ಲಿ ಸುತ್ತುದಾರಿ ಹುಡುಕಿ ಬೇಸತ್ತಿದ್ದ ಜೀಪ್ ಡ್ರೈವರ್ ಬೋರ್ಡನ್ನೇ ನೋಡುತ್ತ ಹೇಳಿದ:

“ಸಾಬ್, ಸೀದಾ ರಸ್ತಾದಾಗ ಕಲ್ಲು ಇಟ್ಟಿರ್ತಾರ್ರಿ. ಗುಳಿಗಿ ಮ್ಯಾಲಿಂದೇ ಹೋಗೋದು ಛಲೋ.”

ನಾರಾಯಣಖೇಡ

ನಮ್ಮ ಪಟ್ಟಿಯಲ್ಲಿದ್ದ ನಾಗಲಗಿದ್ದದ ಕಡೆಯ ಕುರಿಗಾರ ಮುತ್ಯಾ ಕುರಿ ಹೊಡೆದುಕೊಂಡು ರಾಜ್ಯದ ಗಡಿ ದಾಟಿದ್ದ, ಭೇಟಿಗೆ ಸಿಗಲಿಲ್ಲ. ಸಿಗದವರ ಲೆಕ್ಕವನ್ನು ‘ಕಡೆಯ ಸಲ ನೋಡಿದಾಗ ಬದುಕಿದ್ದರು’ ಎಂದು ಅಲ್ಲಿಗೇ ನಿಲ್ಲಿಸುವುದು ನಮ್ಮ ಪದ್ಧತಿ. ಅದನ್ನೇ ಅವನ ಹೆಂಡತಿಗೆ ವಿನಯದಿಂದ ತಿಳಿಸಿದೆ. ಆಕೆ ಗೋಳೋ ಎಂದಳು, ಬೀಗರೆಲ್ಲ ಸೇರಿದರು. ನಾನು ಸಮಾಧಾನ ಹೇಳುತ್ತಿರುವಾಗಲೇ ಮುತ್ಯಾ ಕುರಿಗಳ ಸಮೇತ ಬಂದ. ಮನೆ ಮುಂದಿನ ಜನ ನೋಡಿ ರುಮಾಲು ತೆಗೆದು ಮೆಲ್ಲಗೆ ಕೇಳಿದ:

“ಯಾರ್ ಹೋಗ್ಯಾರ್ರಿ ಅಕ್ಕ? ಛಲೋ ಮನಿಶ್ಯಾ ಇದ್ನೇನು?”

ತಾಂಡೂರು

ಕೊನೆಗೂ ಲೆಕ್ಕ ಮುಗಿಯಿತು. ಗುಳಿಗೆಯ ಪಾಲು ಕಳೆದರೂ ನಾನು ಹೋಗುತ್ತಿದ್ದ ಮನೆಯವರೇ ಹೆಚ್ಚು ಕಾಲ ಚೆನ್ನಾಗಿದ್ದರು. ನೇರ ಬಾಣ ನಿಜ! ಓಡಿಹೋಗಿ ಕಾಯಿ ಒಡೆದೆ. ಆ ಬಾಣದೊಳಗೆ ಏನಿದೆಯೆಂದು ಕಣ್ಣಾರೆ ನೋಡಲು ಡಾಕ್ಟರೂ ತಾಂಡೂರಿಗೆ ಹೊರಟರು. ರಸ್ತೆ ತೆರೆದಿತ್ತು, ಹೇಳಿದ್ದಕ್ಕಿಂತ ಬೇಗ ತಲುಪಿದೆವು. ನೋಡಿದರೆ ನಾನು ಭೇಟಿ ಕೊಡುತ್ತಿದ್ದ ಮನೆಯ ಅಜ್ಜಿ ಉಪ್ಪಿನಕಾಯಿ ಭರಣಿ ಎತ್ತಿಕೊಂಡು ಪಕ್ಕದ ಮನೆಗೆ ಓಡುತ್ತಿದ್ದಾಳೆ. ಉಪ್ಪು ತಿಂದರೆ ನಾನು ಬೈತೀನಂತ ಪ್ರತಿ ಸಲವೂ ಅಲ್ಲಿ ಬಚ್ಚಿಡುತ್ತಿದ್ದಳಂತೆ. ಪಕ್ಕದವಳು ಅರ್ಧ ತಿಂದು ವಾಪಸ್ ಕೊಡುತ್ತಿದ್ದಳಂತೆ. ಓಣಿಗೆಲ್ಲ ಇದೇ ರೂಢಿ. ಆ ಪಕ್ಕದವಳೋ, ಭೇಟಿ ಇಲ್ಲದ ಗುಂಪಿನವಳು!

ಅಂದರೆ ನನ್ನ ಭೇಟಿಯಿಂದ ಒಂದು ಮನೆಯ ಬಿ.ಪಿ. ಇನ್ನೊಂದು ಮನೆಗೆ ಸಾಗುತ್ತಿತ್ತು. ಡಾಕ್ಟರು ತಲೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತರು. ಹಾಗಾದರೆ ಭೇಟಿ ನಿಲ್ಲಿಸಿಬಿಡಲೇ ಎಂದರು. ನಾನು ಕಣ್ಣು ಮುಚ್ಚಿ ಸಂಗಮೇಶ್ವರನನ್ನು ನೆನೆದೆ. ಪಕ್ಕದವಳೇ ಅವರಿಗೆ ನೀರು ತಂದುಕೊಟ್ಟು ಧೈರ್ಯ ಹೇಳಿದಳು:

“ಚಿಂತಿ ಮಾಡಬ್ಯಾಡ್ರಿ ಸಾಬ್. ಅಕ್ಕ ನಮ್ಮನಿಗೂ ಬರ್ಲಿ. ಅವತ್ತ ಭರಣಿ ಇಕಿ ಮನ್ಯಾಗ ಇಡ್ತೀನಿ.”