ಕಾರಿನ ಕಣ್ಣಿಗೆ ವಿಭೂತಿ

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ರೊಟ್ಟಿ ತಟ್ಟಲು ಬರುವುದಿಲ್ಲ, ಹಾಗೆ ನನಗೆ ಇದು ಬರುವುದಿಲ್ಲ. ಬೀಗರ ಮನೆಯಲ್ಲಿ ಸಕ್ಕರೆಯನ್ನೇ ಕಾಣದ ಪಾಯಸ ಬಡಿಸಿ "ಹೆಂಗೈತ್ರಿ?" ಎಂದು ಕೇಳಿದರೆ, "ಬಿಸಿ ಐತ್ರಿ" ಎಂದು ಹೇಳಿ ಪಾರಾಗುತ್ತೇನೆ. ಬೆಳಿಗ್ಗೆ ಪೂಜೆಗೆ ಕೂತಾಗ ಹಿಂದಿನ ದಿನ ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ನೆನೆಯುವುದು ನನ್ನ ಅಭ್ಯಾಸ. ಹಾಲು ಉಕ್ಕುವಷ್ಟರಲ್ಲಿ ನೋಡಿದೆ, ನಲ್ಲಿಯಲ್ಲಿ ನೀರು ಬಂದಾಗ ಮನೆಯಲ್ಲೇ ಇದ್ದೆ, ನಾದಿನಿ ಬರುತ್ತೇನೆಂದು ಹೇಳಿ ಬರಲಿಲ್ಲ, ಇಂಥವು. ಆದರೆ ಈಚೆಗೆ ದೇವರು ಮಾಡಿದ ಒಂದು ಉಪಕಾರವನ್ನು ಅವನೆದುರು ನೆನೆಯಲು ಸ್ವಲ್ಪ ಮುಜುಗರವಾಗುತ್ತಿದೆ. ಅದಕ್ಕೇ ನಿಮ್ಮೆದುರು ಹೇಳುತ್ತಿದ್ದೇನೆ.

ಎಲ್ಲ ಶುರುವಾದದ್ದು ಹೊಸ ಕಾರಿನಿಂದ. ನಮ್ಮ ಯಜಮಾನರಿಗೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಪಾತ್ರೆ ಅಂಗಡಿ. ಹಳೆಯ ಕಾರನ್ನು ಇಪ್ಪತ್ತು ವರ್ಷ ಓಡಿಸಿದರು. ಆ ಕಾರಿಗೆ ಹಾರ್ನ್ ಒಂದು ಬಿಟ್ಟು ಉಳಿದ ಎಲ್ಲ ಭಾಗಗಳಲ್ಲೂ ಸದ್ದು ಬರುತ್ತಿತ್ತು, ಆದರೂ ಅದು ಅವರಿಗೆ ಎಂದೂ ಎದುರಾಡಿದ್ದಿಲ್ಲ. ಹೊಸದು ಹಾಗಲ್ಲ. ರಸ್ತೆಯ ಬಿಳಿ ಗೆರೆ ದಾಟಿದರೆ ಸ್ಟೇರಿಂಗನ್ನು ತಾನೇ ಎಳೆಯುತ್ತದೆ. ಮುಂದಿನ ಗಾಡಿಗೆ ಹತ್ತಿರವಾದರೆ ಕೂಗುತ್ತದೆ. ತೀರಾ ಹತ್ತಿರವಾದರೆ ನಮ್ಮನ್ನು ಕೇಳದೆ ಬ್ರೇಕ್ ಹಾಕುತ್ತದೆ. ಒಂದು ದಿನ ಚಿತ್ರದುರ್ಗದಿಂದ ಬರುವಾಗ ಪರದೆಯ ಮೇಲೆ ಪುಟ್ಟ ಕಾಫಿ ಕಪ್ಪಿನ ಚಿತ್ರ ಮೂಡಿತು. ಡ್ರೈವರ್‌ಗೆ ದಣಿವಾಗಿದೆ, ವಿಶ್ರಾಂತಿ ಬೇಕು ಎಂದು ಅದರ ಅರ್ಥವಂತೆ. ಯಜಮಾನರು ಕೆಂಡವಾದರು. "ನನಗೆ ಸುಸ್ತಾಗೈತೆ ಅಂತ ಹೇಳಾಕೆ ಇದ್ಯಾವುದಲೇ? ನಿನ್ನೆ ಬಂದದ್ದು!" ಎಂದು ದಾವಣಗೆರೆ ಮುಟ್ಟುವವರೆಗೂ ನಿಲ್ಲಿಸದೆ ಓಡಿಸಿದರು. ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ಸೋಫಾದಲ್ಲಿ ಮಲಗಿ ಗೊರಕೆ ಹೊಡೆದರು. ನಾನು ಕಾಫಿ ಮಾಡಿಟ್ಟೆ.

ಸೀಟ್ ಬೆಲ್ಟಿನ ಜಗಳವಂತೂ ದಿನನಿತ್ಯದ್ದು. ಬೆಲ್ಟು ಹಾಕದಿದ್ದರೆ ಅದು ಟಿಂಗ್ ಟಿಂಗ್ ಎನ್ನುತ್ತದೆ, ನಿಲ್ಲಿಸುವುದೇ ಇಲ್ಲ. ಯಜಮಾನರು ಅದಕ್ಕೊಂದು ಉಪಾಯ ಕಂಡುಕೊಂಡರು. ಬೆಲ್ಟನ್ನು ಮೊದಲೇ ಸಿಕ್ಕಿಸಿ ಅದರ ಮುಂದೆ ಕೂರುವುದು. ಬೆಲ್ಟು ಬೆನ್ನ ಹಿಂದೆ, ಅವರು ಬೆಲ್ಟಿನ ಮುಂದೆ. ಗಾಡಿಯನ್ನು ಏಮಾರಿಸಿದೆನೆಂಬ ಸಂತೋಷದಲ್ಲಿ ಮೀಸೆಯಡಿ ನಗುತ್ತಿದ್ದರು. "ನೀವು ಏಮಾರಿಸಿದ್ದು ಗಾಡೀನಲ್ರಿ, ನಿಮ್ಮ ಹಣೇನ" ಎಂದರೆ, "ನನ್ನ ಹಣೇಲಿ ಏನ್ ಬರ್ದೈತೋ ಅದಾಗ್ತೈತೆ ಬಿಡು, ನಿನ್ನ ಶಿವ ಇದಾನಲ್ಲ" ಎನ್ನುತ್ತಿದ್ದರು. ಬೇಕಾದಾಗ ಮಾತ್ರ ಶಿವ ನೆನಪಾಗುವುದು ಈ ಗಂಡಸರಿಗೆ. ನಾನು ಮಾತ್ರ ಹೋಳಿಗೆ ಡಬ್ಬಿಯನ್ನು ಪಕ್ಕದ ಸೀಟಿನಲ್ಲಿಟ್ಟರೂ ಅದಕ್ಕೆ ಬೆಲ್ಟು ಹಾಕುತ್ತೇನೆ.

ಹೌದು, ನಾನೂ ಕಾರು ಓಡಿಸುತ್ತೇನೆ. ಐವತ್ತೆರಡನೆಯ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತು, ಲೈಸೆನ್ಸೂ ತೆಗೆದುಕೊಂಡೆ. ಆದರೆ ಲೈಸೆನ್ಸು ಕೊಟ್ಟ ಸರ್ಕಾರಕ್ಕೆ ನನ್ನ ಮೇಲಿದ್ದ ನಂಬಿಕೆ ಯಜಮಾನರಿಗೆ ಇರಲಿಲ್ಲ. ಕಾರಿಗೆ ಎರಡು ಕೀಲಿ. ಒಂದು ಅವರ ಜೇಬಿನಲ್ಲಿ, ಇನ್ನೊಂದು ಬೀರುವಿನ ಒಳಗೆ, ಬೀರುವಿನ ಕೀಲಿಯೂ ಅವರ ಜೇಬಿನಲ್ಲಿ. ನನಗೋ ಎರಡನೇ ಕೀಲಿಯ ಮೇಲೆ ಆಸೆ. ಆನೆಕೊಂಡದ ಈಶ್ವರನ ಗುಡಿಗೆ ಹೋಗಬೇಕೆಂದರೂ ಆಟೋದವನನ್ನೋ ಯಜಮಾನರನ್ನೋ ಕಾಯಬೇಕು. ಇಬ್ಬರೂ ಕರೆದ ಹೊತ್ತಿಗೆ ಬರುವವರಲ್ಲ. ಒಂದು ತಿಂಗಳು ಬಿಡದೆ ಪೀಡಿಸಿದ ಮೇಲೆ ಒಂದು ಷರತ್ತು ಹಾಕಿದರು. "ಸೋಮವಾರ ಹರಿಹರಕ್ಕೆ ನೀನೇ ಓಡಿಸು. ನಾನು ಪಕ್ಕದಾಗೆ ಕೂತಿರ್ತೀನಿ. ಹೋಗಿ ಬರೋವಾಗ ನಿನ್ನಿಂದ ಒಂದು ತಪ್ಪೂ ಆಗಬಾರ್ದು. ಆಗ್ಲಿಲ್ಲ ಅಂದ್ರೆ ಕೀಲಿ ನಿಂದು. ಆತು ಅಂದ್ರೆ ಮತ್ತೆ ಆ ಮಾತು ಎತ್ತಂಗಿಲ್ಲ."

ಸೋಮವಾರ ನಸುಕಿನಲ್ಲೇ ಎದ್ದು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಕಾರಿಗೂ ಪೂಜೆ ಮಾಡಿದೆ. ಅಂಥ ದಿನ ಅಲ್ಪಸ್ವಲ್ಪದಲ್ಲಿ ಮುಗಿಸಲು ಮನಸ್ಸು ಬರಲಿಲ್ಲ. ಮುಂದಿನ ಬಂಪರಿನಲ್ಲಿ ನಾಲ್ಕು, ಹಿಂದೆ ನಾಲ್ಕು, ದುಂಡಗೆ ರುದ್ರಾಕ್ಷಿಯಷ್ಟಿರುವ ಗುಂಡಿಗಳು ಕಂಡವು. ಹಚ್ಚುವುದಕ್ಕೆಂದೇ ಮಾಡಿಟ್ಟಂತಿದ್ದವು. ವಿಭೂತಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಒಂದೊಂದಕ್ಕೂ ಹಚ್ಚಿ, ನಡುವೆ ಕುಂಕುಮ ಇಟ್ಟೆ. ಆಮೇಲೆ ತೋಳಿಗಿಂತ ದಪ್ಪದ ಚೆಂಡು ಹೂವಿನ ಹಾರವನ್ನು ಮುಂದುಗಡೆ ಈ ತುದಿಯಿಂದ ಆ ತುದಿಗೆ ಕಟ್ಟಿದೆ. ನಾಲ್ಕು ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದೆ. ಯಜಮಾನರು ಎಂದಿನಂತೆ ಬೆಲ್ಟಿನ ಮುಂದೆ ಕೂತರು. ಶಿವಾ ಎಂದು ಹೊರಟೆವು.

ಸರಸ್ವತಿ ನಗರದ ನಮ್ಮ ಬೀದಿ ದಾಟುವ ಮೊದಲೇ ಕಾರು ಅಳಲು ಶುರುಮಾಡಿತು. ಪೀ ಪೀ ಪೀ ಪೀ. ಮುಂದೆ ಒಂದು ನಾಯಿಯೂ ಇಲ್ಲ. ಸ್ವಲ್ಪ ಜೋರಾಗಿ ಹೋದರೆ ಸುಮ್ಮನಾಗುವುದು, ಸಿಗ್ನಲ್ಲಿನಲ್ಲಿ ನಿಧಾನ ಮಾಡಿದರೆ ಮತ್ತೆ ಅಳುವುದು. ಪಕ್ಕದ ಬೈಕಿನವರೆಲ್ಲ ಬಗ್ಗಿ ನೋಡಿದರು. ಪರದೆಯ ಮೇಲೆ ಹಳದಿ ಬಣ್ಣದಲ್ಲಿ ಏನೇನೋ ಇಂಗ್ಲಿಷ್ ಅಕ್ಷರ ಬಂದವು. ನನ್ನ ಕಣ್ಣು ರಸ್ತೆಯ ಮೇಲಿದ್ದುದರಿಂದ ಓದಲಿಲ್ಲ. ಯಜಮಾನರು ಓದುವ ಗೋಜಿಗೆ ಹೋಗಲಿಲ್ಲ.

"ನೋಡಲೇ ಗಿರ್ಜಾ, ನಾನು ಓಡ್ಸಿದ್ರೆ ಒಂದೊಂದ್ಸಲ ಬೈತಿತ್ತು. ನೀನು ಓಡ್ಸಿದ್ರೆ ಗೋಳಾಡ್ತೈತೆ!"

"ನಾನೇನು ಮಾಡೀನ್ರಿ? ಮುಂದೆ ಏನೂ ಇಲ್ಲ."

"ನಿನಗೆ ಕಾಣಲ್ಲ, ಅದಕ್ಕೆ ಕಾಣ್ತೈತೆ. ಕಂಪ್ಯೂಟರ್ ಅದು. ಸುಳ್ಳು ಹೇಳಲ್ಲ."

ನಿನ್ನೆಯವರೆಗೆ 'ನಿನ್ನೆ ಬಂದದ್ದು' ಆಗಿದ್ದ ಕಾರು ಅಂದು ಒಮ್ಮೆಲೇ ಸತ್ಯಹರಿಶ್ಚಂದ್ರನಾಯಿತು. ಅದರ ಗೋಳು ಕೇಳುತ್ತಲೇ ಹರಿಹರ ಮುಟ್ಟಿದೆವು. ಹರಿಹರೇಶ್ವರನ ಗುಡಿಯ ಬಳಿಯ ಕಿರಿದಾದ ಬೀದಿಯಲ್ಲಿ ನಿಲ್ಲಿಸಲು ಹೋದರೆ ಅದು ಚಿಟ್ಟನೆ ಚೀರುತ್ತ ಉಸಿರನ್ನೂ ತೆಗೆದುಕೊಳ್ಳಲಿಲ್ಲ. ಕೀಲಿ ಹೋಯಿತೆಂದು ಮನಸ್ಸಿನಲ್ಲೇ ಆಸೆ ಬಿಟ್ಟೆ.

ಅಷ್ಟರಲ್ಲಿ ಅಲ್ಲಿ ನಿಂತಿದ್ದ ಆಟೋದಿಂದ ಬಿಳಿ ಗಡ್ಡದ ಸಾಬರೊಬ್ಬರು ಇಳಿದು ಬಂದರು. ಕಾರಿನ ಮೂತಿ ನೋಡಿ ನಕ್ಕೇಬಿಟ್ಟರು. "ಅಮ್ಮಾರೇ, ಇವು ಗುಂಡಿ ಅಲ್ಲ, ಗಾಡಿ ಕಣ್ಣು ಕಣ್ರಿ. ಕಣ್ಣಿಗೇ ವಿಭೂತಿ ಮೆತ್ತಿ, ಮುಂದೆ ಹೂವಿನ ಪರದೆ ಕಟ್ಟಿದ್ರೆ ಬಡಪಾಯಿ ಏನ್ ಮಾಡ್ತೈತೆ? ಯಾರೋ ಎದುರಿಗೇ ನಿಂತಾರೆ ಅಂತ ಒದರ್ತೈತೆ!"

ಯಜಮಾನರು ನನ್ನ ಮುಖ ನೋಡಿದರು. ನಾನು ಗೋಪುರ ನೋಡಿದೆ. "ಹಂಗಾದ್ರೆ ಡ್ರೈವಿಂಗ್ ತಪ್ಪಲ್ಲ ಅಂದಂಗಾತು" ಎಂದೆ. "ಪೂಜೆ ತಪ್ಪು" ಎಂದರು ಅವರು. "ಪೂಜೆ ಷರತ್ತಿನಾಗೆ ಇರ್ಲಿಲ್ಲ" ಎಂದೆ. ಸಾಬರು, "ಹೌದು ಸಾಹುಕಾರ್ರೇ, ಅಮ್ಮಾರು ಒಂದೇ ಏಟಿಗೆ ಗಾಡಿ ನಿಲ್ಸಿದ್ರು, ನಾನೇ ನೋಡೀನಿ" ಎಂದು ತೀರ್ಪು ಕೊಟ್ಟರು. ದೇವರು ಯಾವ ಗಡ್ಡದಲ್ಲಿ ಬರುತ್ತಾನೋ ಹೇಳಲಾಗದು. ವಿಭೂತಿಯನ್ನು ನೀರು ಹಾಕಿ ಒರೆಸುವುದಕ್ಕೆ ಜೀವ ಒಪ್ಪದೆ, ಬೆರಳಿನಲ್ಲಿ ಕೆರೆದು ಕೆರೆದು ನನ್ನ ಹಣೆಗೇ ಹಚ್ಚಿಕೊಂಡೆ. ಎಂಟು ಕಣ್ಣಿನದೂ ಸೇರಿ ಗುಡಿಯೊಳಗೆ ಹೋಗುವಾಗ ಮಠದಿಂದ ಬಂದವಳಂತೆ ಕಾಣುತ್ತಿದ್ದೆನಂತೆ. ಹಾರವನ್ನು ಒಂದು ಹಸು ತಿಂದಿತು.

ವಾಪಸು ಬರುವಾಗ ಕಾರು ತುಟಿ ಬಿಚ್ಚಲಿಲ್ಲ. ಎಲ್ಲ ಚೆನ್ನಾಗಿಯೇ ನಡೆಯಿತು. ದಾವಣಗೆರೆ ಊರೊಳಗೆ ಬಂದೆವು. ಕೀಲಿಯನ್ನು ಯಾವ ಗೊಂಚಲಿಗೆ ಹಾಕಿಕೊಳ್ಳಲಿ, ತುಳಸಿಕಟ್ಟೆಯ ಬಳಿಯ ಮೊಳೆಗೆ ತೂಗುಹಾಕಲೋ, ಸೊಂಟಕ್ಕೇ ಸಿಕ್ಕಿಸಿಕೊಳ್ಳಲೋ ಎಂದು ಯೋಚಿಸುತ್ತಿದ್ದೆ. ನಿಜ ಹೇಳುತ್ತೇನೆ, ರಸ್ತೆಯ ಮೇಲೆ ನನ್ನ ಕಣ್ಣಿತ್ತು, ಮನಸ್ಸಿರಲಿಲ್ಲ. ಎಡಗಡೆಯ ಸಂದಿಯಿಂದ ಮಂಡಕ್ಕಿ ಮೂಟೆ ಹೇರಿಕೊಂಡ ಸ್ಕೂಟರೊಂದು ಅಡ್ಡ ನುಗ್ಗಿತು. ನನ್ನ ಕಾಲು ಅಲ್ಲಾಡುವ ಮೊದಲೇ ಕಾರು ಗಕ್ಕನೆ ನಿಂತಿತು. ಸ್ಕೂಟರಿನವನಿಗೂ ನಮಗೂ ನಡುವೆ ಒಂದು ಮೊಳ. ಅವನು ಹಿಂತಿರುಗಿಯೂ ನೋಡದೆ ಹೋದ. ನನ್ನ ಬೆಲ್ಟು ನನ್ನನ್ನು ಹಿಡಿದುಕೊಂಡಿತು. ಯಜಮಾನರ ಬೆಲ್ಟು ಸೀಟನ್ನು ಭದ್ರವಾಗಿ ಹಿಡಿದುಕೊಂಡಿತು. ಅವರು ಮುಂದಕ್ಕೆ ಹೋಗಿ ಡ್ಯಾಶ್‌ಬೋರ್ಡಿಗೆ ಹಣೆ ತಾಗಿಸಿಕೊಂಡರು. ಕನ್ನಡಕ ಹಾರಿ ಕಾಲಡಿ ಬಿತ್ತು. ಪರದೆಯ ತುಂಬ ಕೆಂಪು ದೀಪ, ದೊಡ್ಡ ಅಕ್ಷರ. ಕಾರು ತಾನೇ ಬ್ರೇಕ್ ಹಾಕಿತೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕನ್ನಡಕವಿಲ್ಲದೆ ಯಜಮಾನರಿಗೆ ಎದುರಿನ ಅಂಗಡಿಯ ಬೋರ್ಡೂ ಕಾಣದು.

ಅವರು ತಡಕಾಡಿ ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಅಕ್ಷರ ಮಾಯವಾಗಿತ್ತು. ಹಣೆ ಉಜ್ಜಿಕೊಳ್ಳುತ್ತ ನನ್ನ ಕಡೆ ತಿರುಗಿದರು. ಮೂವತ್ತು ವರ್ಷದ ಸಂಸಾರದಲ್ಲಿ ಆ ಕಣ್ಣಲ್ಲಿ ಅಂಥ ಗೌರವವನ್ನು ನಾನು ಕಂಡಿರಲಿಲ್ಲ.

"ಏನ್ ಬ್ರೇಕ್ ಹಾಕಿದ್ಯಲೇ ಗಿರ್ಜಾ! ನಾನಾಗಿದ್ರೆ ಅವ್ನ ಮೂಟೆ ಮೇಲೇ ಹತ್ತಿಸ್ತಿದ್ದೆ. ಹೆಂಗೆ ನೋಡಿದೆ ನೀನು?"

ನಾನು ಬಾಯಿ ತೆರೆದೆ. ಸತ್ಯ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ಜೇಬಿಗೆ ಕೈ ಹಾಕಿ ಬೀರುವಿನ ಕೀಲಿ ತೆಗೆದು ನನ್ನ ಮಡಿಲಿಗೆ ಹಾಕಿದರು. "ಶಿವನ ದಯೆ" ಎಂದೆ. ಅದು ಸುಳ್ಳಲ್ಲವಲ್ಲ.

ತೊಂದರೆ ಶುರುವಾದದ್ದು ಮರುವಾರ. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಸ್ಟೀಲ್ ಬಿಂದಿಗೆಯ ಜೊತೆ ನನ್ನ ಬ್ರೇಕಿನ ಕಥೆಯನ್ನೂ ಕಟ್ಟಿಕೊಟ್ಟ ಯಜಮಾನರು ಒಂದು ಸಂಜೆ ಬಂದು, "ನಿನ್ನಂಥ ಡ್ರೈವರ್ ಇರೋವಾಗ ಗಾಡಿ ತಾನೇ ಬ್ರೇಕ್ ಹಾಕೋದು ಯಾಕ ಬೇಕು? ಅದು ನಿನಗೆ ಅವಮಾನ. ನಾಳೆ ಆಫ್ ಮಾಡಿಸಿಬಿಡಾನ" ಎಂದರು. ಇನ್ನು ಮುಚ್ಚಿಟ್ಟರೆ ಜೀವಕ್ಕೇ ಸಂಚಕಾರವೆಂದು ಎಲ್ಲ ಹೇಳಿಬಿಟ್ಟೆ. "ಬ್ರೇಕ್ ಹಾಕಿದ್ದು ನಾನಲ್ಲರೀ, ಕಾರೇ ಹಾಕಿದ್ದು. ನಾನಾಗ ಬೇರೆ ಏನೋ ಯೋಚ್ನೆ ಮಾಡ್ತಿದ್ದೆ." ಅವರು "ಎಷ್ಟು ವಿನಯ ಐತಲೇ ನಿನಗೆ!" ಎಂದು ಎರಡನೇ ಲೋಟ ಮಜ್ಜಿಗೆ ಕೇಳಿದರು.

ಮರುದಿನ ಸರ್ವಿಸ್ ಸೆಂಟರಿನಲ್ಲಿ ನೀಲಿ ಅಂಗಿ ತೊಟ್ಟ ಹೆಣ್ಣುಮಗಳೊಬ್ಬಳು ಕಾರನ್ನು ನೋಡಿ, "ಸಾರ್, ಇದನ್ನ ಪೂರ್ತಿ ಆಫ್ ಮಾಡಾಕೆ ಬರಲ್ಲ. ಬೇಕಂದ್ರೆ ಗಾಡಿ ಸ್ಟಾರ್ಟ್ ಮಾಡಿದಾಗೆಲ್ಲ ಒಂದು ಗುಂಡಿ ಒತ್ತಬೇಕು. ಮತ್ತೆ ಸ್ಟಾರ್ಟ್ ಮಾಡಿದ್ರೆ ತಾನೇ ಆನ್ ಆಗ್ತೈತೆ" ಎಂದಳು. ಯಜಮಾನರು ಗುಂಡಿ ಯಾವುದೆಂದು ನೋಡಲೂ ಇಲ್ಲ. "ನಮ್ಮನೆಯವಳಿಗೆ ತೋರ್ಸಿ, ಓಡ್ಸೋದು ಅವಳೇ" ಎಂದು ದೊಡ್ಡ ಮನಸ್ಸು ಮಾಡಿ ಹೊರಗೆ ನಿಂತರು.

ಈಗ ದಿನಾ ಬೆಳಿಗ್ಗೆ ಯಜಮಾನರನ್ನು ಅಂಗಡಿಗೆ ಬಿಡುವುದು ನಾನೇ. ಹಣೆಯ ಬುಗುಟು ಇಳಿದಿಲ್ಲವಾದ್ದರಿಂದ ಬೆಲ್ಟನ್ನು ಎದೆಯ ಮೇಲೆಯೇ ಹಾಕಿಕೊಳ್ಳುತ್ತಾರೆ. ಹಾಕಿಕೊಂಡು, "ಗುಂಡಿ ಒತ್ತಿದೆ ಏನಲೇ?" ಎಂದು ಕೇಳುತ್ತಾರೆ. "ಒತ್ತೀನ್ರಿ" ಎನ್ನುತ್ತೇನೆ. ನಿಜವಾಗಿಯೂ ಒತ್ತಿರುತ್ತೇನೆ. ಯಾವ ಗುಂಡಿ ಎಂದು ಅವರು ಇದುವರೆಗೆ ಕೇಳಿಲ್ಲ. ಸ್ವಲ್ಪ ಹೊತ್ತಿಗೆ ಕಾರಿನೊಳಗೆ ತಣ್ಣಗೆ ಗಾಳಿ ಬೀಸತೊಡಗುತ್ತದೆ. ಯಜಮಾನರು "ಆಹಾ, ಇವತ್ತು ಹವಾ ಚಲೋ ಐತೆ" ಎನ್ನುತ್ತಾರೆ.