ಕಾಕಾನ ಕಿವಿಯೂ ಹುಲ್ಲಿನ ಮಷೀನೂ

ನಮ್ಮ ಕಾಕಾ ಮನುಷ್ಯರ ಮಾತಿಗೆ ಕಿವಿಗೊಟ್ಟವರೇ ಅಲ್ಲ. ಅವರ ಕಿವಿ ಏನಿದ್ದರೂ ಯಂತ್ರಗಳಿಗೆ ಮೀಸಲು. ಮನೆಗೆ ಹೋದವರು ಹೇಗಿದ್ದೀರಿ ಎಂದು ಕೇಳಿದರೆ ಉತ್ತರವಿಲ್ಲ. ಅದೇ ಅಡುಗೆಮನೆಯ ಫ್ರಿಜ್ ಒಂದು ಸಲ ಗುರ್ ಎಂದರೆ ಸಾಕು, ಎದ್ದು ಹೋಗಿ ಅದರ ಯೋಗಕ್ಷೇಮ ವಿಚಾರಿಸುತ್ತಾರೆ! ವಿಜಾಪುರದ ಕಡೆಯಿಂದ ಬಂದು, ಠಾಣೆ–ಬೇಲಾಪುರ ರಸ್ತೆಯ ಒಂದು ಪಂಪಿನ ಕಾರ್ಖಾನೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಫಿಟ್ಟರ್ ಆಗಿದ್ದವರು. ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ಒಳಗೆ ಯಾವ ಬೇರಿಂಗ್ ಸವೆದಿದೆ ಎಂದು ಹೇಳಿಬಿಡುತ್ತಿದ್ದರಂತೆ. ನಿವೃತ್ತರಾದ ಮೇಲೆ ಪಂಪುಗಳು ಹೋದವು, ಸ್ಕ್ರೂಡ್ರೈವರ್ ಉಳಿಯಿತು. ಪಂಪುಗಳ ಜಾಗಕ್ಕೆ ನೆಂಟರಿಷ್ಟರಾದ ನಾವು ಬಂದೆವು.

ನನಗೆ ಹೆಣ್ಣು ನೋಡಲು ಟಿಟ್ವಾಳಾಕ್ಕೆ ಹೋದ ದಿನವನ್ನೇ ತೆಗೆದುಕೊಳ್ಳಿ. ಉಪ್ಪಿಟ್ಟು ಬಂತು, ಹಿಂದೆಯೇ ಹುಡುಗಿ ಬಂದಳು. ಎಲ್ಲರೂ ಅವಳನ್ನು ನೋಡುತ್ತಿದ್ದರೆ ಕಾಕಾ ಮಾತ್ರ ತಲೆಯ ಮೇಲಿನ ಫ್ಯಾನನ್ನು ನೋಡುತ್ತಿದ್ದರು. "ಬುಷ್ ಹೋಗ್ಯದ. ಕೇಳಸ್ತದಲ್ಲ?" ಎಂದರು. ನನಗೆ ಕೇಳಿಸುತ್ತಿದ್ದದ್ದು ನನ್ನ ಎದೆಬಡಿತ ಒಂದೇ. ಆದರೂ ಹೂಂ ಎಂದೆ. ಅಪ್ಪ ಹೂಂ ಎಂದರು, ಅಮ್ಮ ಹೂಂ ಎಂದಳು, ಕೊನೆಗೆ ಹುಡುಗಿಯ ತಂದೆಯೂ ಹೂಂ ಎಂದರು. ಹತ್ತು ನಿಮಿಷದಲ್ಲಿ ಫ್ಯಾನ್ ಕೆಳಗಿತ್ತು. ಅಕ್ಟೋಬರ್ ಸೆಕೆಯಲ್ಲಿ ಎರಡು ಮನೆತನದವರು ಬೆವರು ಒರೆಸಿಕೊಳ್ಳುತ್ತ ಲಗುಬಗೆಯಿಂದ ಮಾತುಕತೆ ಮುಗಿಸಿದೆವು. ಸಾವಕಾಶವಾಗಿ ಯೋಚಿಸಲು ಗಾಳಿ ಇದ್ದಿದ್ದರೆ ತಾನು ಒಪ್ಪುತ್ತಲೇ ಇರಲಿಲ್ಲ ಎಂಬುದು ಇವತ್ತಿಗೂ ನನ್ನ ಹೆಂಡತಿಯ ವಾದ!

ಕಾಕಾ "ಕೇಳಸ್ತದಲ್ಲ?" ಎಂದರೆ ಹೂಂ ಎನ್ನುವುದು ನಮ್ಮ ಮನೆತನದ ಕಟ್ಟಳೆ. ಒಮ್ಮೆ ನನ್ನ ಅತ್ತೆಯ ಗಂಡ ಧೈರ್ಯ ಮಾಡಿ ನನಗೇನೂ ಕೇಳಿಸುವುದಿಲ್ಲ ಎಂದಿದ್ದರು. ಕಾಕಾ ಅವರನ್ನು ಮಿಕ್ಸರಿನ ಪಕ್ಕ ಕೂರಿಸಿ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ಕೇಳಿಸುತ್ತದೆ ಎನ್ನುವವರೆಗೆ ಬಿಡಲಿಲ್ಲ. ಆಮೇಲೆ ಯಾರಿಗೆ ಬೇಕು ಆ ಧೈರ್ಯ?

ಕಳೆದ ವರ್ಷ ಶ್ರಾವಣದಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಹೋದರು. ಕಾಮೋಠೆಯ ಫ್ಲ್ಯಾಟಿನ ಬಚ್ಚಲಲ್ಲಿ ಬಿದ್ದಿದ್ದರು. ಮಗಳು ಆಫೀಸಿಗೆ ಹೋಗಿದ್ದಳು. ಕಾಕಾ ಹಾಲಿನಲ್ಲಿ ಪೇಪರ್ ಓದುತ್ತಿದ್ದರು. ಅರ್ಧ ಗಂಟೆಯಾದರೂ ಹೊರಗೆ ಬರಲಿಲ್ಲವಲ್ಲ ಎಂದು ಎದ್ದು ಹೋಗಿ ನೋಡಿದಾಗ ಎಲ್ಲ ಮುಗಿದಿತ್ತು. ಮಾತನಾಡಿಸಲು ಬಂದವರೆಲ್ಲರಿಗೂ ಕಾಕಾ ಹೇಳಿದ್ದು ಒಂದೇ ಮಾತು. "ಅಕಿ ಕರದಿಲ್ಲ. ಕರದಿದ್ರ ನನಗ ಕೇಳಸ್ತಿತ್ತು. ಹೌದಲ್ಲ?" ಬಂದವರೆಲ್ಲ ಹೂಂ ಎಂದರು. ನಾನೂ ಎಂದೆ. ಅಂಥ ಹೊತ್ತಿನಲ್ಲಿ ಬೇರೆ ಏನು ಹೇಳುತ್ತಾರೆ?

ಈ ಮಳೆಗಾಲದಲ್ಲಿ ಕಾಕಾನ ಮಗಳು ನನಗೆ ಫೋನ್ ಮಾಡಿದಳು. ಕುಕ್ಕರು ಆರು ಸಲ ಕೂಗಿದರೂ ಪಪ್ಪಾ ಏಳುವುದಿಲ್ಲ, ಟೀವಿಯ ಸದ್ದಿಗೆ ಪಕ್ಕದ ಮನೆಯವರು ಬಂದು ಹೋದರು ಎಂದಳು. "ಕಿವಿ ಡಾಕ್ಟರ್ ಕಡೆ ಚಲಾ ಅಂದ್ರ ಊಠತಚ್ ನಾಹೀತ್ ದಾದಾ, ಏನ್ ಮಾಡ್ಲಿ?" ಹುಟ್ಟಿ ಬೆಳೆದದ್ದು ಇಲ್ಲೇ, ಅವಳ ದುಃಖವೂ ಎರಡು ಭಾಷೆಯಲ್ಲಿ ಬರುತ್ತದೆ. ಕಿವಿ ಡಾಕ್ಟರ ಹತ್ತಿರ ನಡೆಯಿರಿ ಎಂದರೆ ಕಾಕಾ ಯಾಕೆ ಏಳುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕಿವಿ ಕೆಟ್ಟಿದೆ ಎಂದು ಒಪ್ಪಿಕೊಂಡರೆ, ಕಾಕು ಕರೆಯಲಿಲ್ಲ ಎಂಬ ಮಾತಿನ ಗತಿ ಏನು? ಇದನ್ನು ನಾವಿಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಅಷ್ಟರಲ್ಲಿ ಹುಲ್ಲು ಕತ್ತರಿಸುವ ಮಷೀನು ಬಂತು. ಅವರ ಸೊಸೈಟಿಯಲ್ಲಿ ನಾಲ್ಕು ಸೀರೆ ಹಾಸಿದಷ್ಟು ಲಾನ್ ಇದೆ. ಮಳೆಗೆ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಹೊರಗೆ ತೆಗೆದ ಮಷೀನು ಒಂದು ನಿಮಿಷ ಓಡಿ ಸುಮ್ಮನಾಗುತ್ತಿತ್ತು. ಸೆಕ್ರೆಟರಿ ಅದನ್ನು ಭಂಗಾರದವನಿಗೆ, ಎಂದರೆ ಗುಜರಿಯವನಿಗೆ, ಕೊಡಲು ಹೊರಟಾಗ ಕಾಕಾ ಅಡ್ಡ ನಿಂತು, ನವರಾತ್ರಿಯೊಳಗೆ ಸರಿಮಾಡಿ ಕೊಡುತ್ತೇನೆ, ನನ್ನ ಕಿವಿ ಇನ್ನೂ ಗಟ್ಟಿ ಇದೆ ಎಂದು ಎಲ್ಲರೆದುರು ಹೇಳಿಬಿಟ್ಟರು. ಬ್ಲೇಡಿನ ಕೆಲಸ, ಒಬ್ಬರನ್ನೇ ಬಿಡುವುದು ಹೇಗೆ ಎಂದು ಮಗಳು ನನ್ನನ್ನು ಜೊತೆಗೆ ಹಾಕಿದಳು. ಭಾನುವಾರ ಬಂದರೆ ನಾನು ಡೋಂಬಿವ್ಲಿಯಿಂದ ಠಾಣೆ, ಠಾಣೆಯಿಂದ ಪನ್ವೇಲ್ ಗಾಡಿ.

ಕೆಲಸವನ್ನು ಮಾತ್ರ ನೋಡಬೇಕು! ಮೊದಲು ಪ್ಲಗ್ಗಿನ ವೈರು ಕಿತ್ತರು. ಅದನ್ನು ಕೀಳದೆ ಬ್ಲೇಡಿನ ಹತ್ತಿರ ಕೈ ಒಯ್ಯುವವನು ಬೆರಳು ಎಣಿಸಿಟ್ಟುಕೊಂಡು ಹೋಗಬೇಕಂತೆ. ಟಾಕಿಯಲ್ಲಿ ಹೋದ ವರ್ಷದ ಪೆಟ್ರೋಲು ಹಾಗೇ ಉಳಿದು ವಾರ್ನಿಶ್ ವಾಸನೆ ಹೊಡೆಯುತ್ತಿತ್ತು. ಅದೇ ಅಂಟು ಕಾರ್ಬುರೇಟರಿನ ಜೆಟ್ಟಿನಲ್ಲೂ ಕೂತಿತ್ತು. ಸೂಜಿಗಣ್ಣಿಗಿಂತ ಸಣ್ಣ ತೂತು. ಗುಂಡುಸೂಜಿ ಹಾಕಿದರೆ ತೂತು ದೊಡ್ಡದಾಗುತ್ತದೆಂದು, ಹಳೇ ವೈರಿನಿಂದ ತಾಮ್ರದ ಒಂದು ಎಳೆ ಕಿತ್ತು ಅದರಿಂದ ಬಿಡಿಸಿದರು. ಗಾಳಿ ಸೋಸುವ ಸ್ಪಂಜನ್ನು ಸೋಪಿನಲ್ಲಿ ತೊಳೆದು ತಮ್ಮ ಎರಡು ಬನಿಯನ್ನುಗಳ ನಡುವೆ ಒಣಹಾಕಿದರು. ಹೊಸ ಪೆಟ್ರೋಲು ಹಾಕಿ ಹಗ್ಗ ಎಳೆದರೆ ಎರಡನೇ ಎಳೆತಕ್ಕೇ ಶುರು! ನಾನು ಚಪ್ಪಾಳೆ ತಟ್ಟಿದೆ. ಕಾಕಾ ನಗಲಿಲ್ಲ. ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಊರಿ ಹಿಡಿಗೆ ಕಿವಿ ಕೊಟ್ಟರು. ಸಣ್ಣಗೆ ಸೀಟಿ ಹೊಡೆಯುತ್ತಿದೆ, ಎಲ್ಲೋ ಗಾಳಿ ಒಳಗೆ ನುಗ್ಗುತ್ತಿದೆ, ಕೇಳಿಸುತ್ತದಲ್ಲ ಎಂದರು. ನನಗೆ ಕೇಳಿಸಿದ್ದು ಬರೀ ಧಡಧಡ. ಹೂಂ ಎಂದೆ.

ಎಂಜಿನ್ನನ್ನು ಮತ್ತೆ ಬಿಚ್ಚಿದರು. ಮುಂದಿನ ಭಾನುವಾರ ನಾನು ಹೋಗುವುದರೊಳಗೆ ವಾಚ್‌ಮನ್ ನೆರವಾಗಲೆಂದು ಮಷೀನನ್ನು ತಪ್ಪು ಮಗ್ಗುಲಿಗೆ ಮಲಗಿಸಿದ್ದ. ಆಯಿಲ್ ಹರಿಯಬಾರದ ಕಡೆ ಹರಿದಿತ್ತು. ಹಗ್ಗ ಎಳೆದದ್ದೇ ತಡ, ಮೂರನೇ ಮಹಡಿಯವರೆಗೆ ಬಿಳಿ ಹೊಗೆ. ಸೊಳ್ಳೆ ಹೊಗೆ ಹಾಕುವವರು ಬಂದರೆಂದು ಹೆಂಗಸರು ಧಡಧಡ ಕಿಟಕಿ ಮುಚ್ಚಿದರು. ಸೊಸೈಟಿಯ ಗ್ರೂಪಿನಲ್ಲಿ ಯಾರೋ ಮುನ್ಸಿಪಾಲ್ಟಿಗೆ ಧನ್ಯವಾದ ಹಾಕಿದರು. ಅವತ್ತು ಸೊಳ್ಳೆ ನಿಜವಾಗಿಯೂ ಕಡಿಮೆಯಾಗಿದ್ದವು ಎಂದು ಹೇಳುವವರು ಈಗಲೂ ಇದ್ದಾರೆ!

ಹೊಗೆ ಹೋಯಿತು, ಸೀಟಿ ಹೋಗಲಿಲ್ಲ. ಠಾಣೆಯಿಂದ ಗಾಳಿ ಸೋರದಂತೆ ಕೂರಿಸುವ ಗ್ಯಾಸ್ಕೆಟ್ ತಂದೆವು, ಹಾಕಿದೆವು, ಸೀಟಿ. ಅದನ್ನು ತೆಗೆದು ಇನ್ನೊಂದು ಹಾಕಿದೆವು, ಮತ್ತೆ ಸೀಟಿ. ಪ್ರತಿ ಸಲ ಕಾಕಾ ಕೇಳಿದಾಗ ನಾನು ಹೂಂ, ವಾಚ್‌ಮನ್ ಹೋ ಕಾಕಾ, ನೋಡಲು ಬಂದ ಸೆಕ್ರೆಟರಿಯೂ ಹೋ ಕಾಕಾ. ಕಾಕಾ ಊಟ ಬಿಡತೊಡಗಿದರು. ನಮಗೆ ನಗು ಬರುವುದು ನಿಂತು ಎಷ್ಟೋ ದಿನವಾಗಿತ್ತು. ಏನೂ ಆಗದ ಒಂದು ಎಂಜಿನ್ನನ್ನು ಆ ಮುದುಕ ನಾಲ್ಕು ಸಲ ಬಿಚ್ಚಿದ್ದು ನನ್ನ ಹೂಂಗಳ ಭರವಸೆಯ ಮೇಲೆ ಎಂದು ನೆನೆದರೆ ಈಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ನವರಾತ್ರಿಗೆ ಮುಂಚಿನ ಭಾನುವಾರ ಮೋಡ ಕವಿದಿತ್ತು. ಎಂಜಿನ್ ಹದವಾಗಿ ಓಡಿತು. ಕಾಕಾ ಅದನ್ನು ನಿಲ್ಲಿಸಿ, ಪ್ಲಗ್ಗಿನ ವೈರು ಕಿತ್ತು, ಲಾನಿನ ಕಟ್ಟೆಯ ಮೇಲೆ ಕೂತು ಕೈ ಒರೆಸಿಕೊಂಡರು. ಕಂಪೌಂಡಿನಲ್ಲಿ ಒಂದು ಸದ್ದೂ ಇರಲಿಲ್ಲ. ಅವರು ತಲೆ ವಾರೆ ಮಾಡಿದರು.

"ನೋಡು, ಇನ್ನೂ ಸೀಟಿ ಹೊಡೀಲಿಕ್ಕತ್ತದ. ಕೇಳಸ್ತದಲ್ಲ?"

ಹೂಂ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎಂಜಿನ್ ನಿಂತಿತ್ತು. ಕಿತ್ತ ವೈರು ನಮ್ಮಿಬ್ಬರ ನಡುವೆ ಬಿದ್ದಿತ್ತು. ಕಾಕಾ ನನ್ನ ಮುಖ ನೋಡಿದರು, ವೈರು ನೋಡಿದರು, ಮತ್ತೆ ನನ್ನ ಮುಖ ನೋಡಿದರು.

"ಖರೇ ಹೇಳು. ಕೇಳಸ್ತದ?"

"ಇಲ್ರೀ ಕಾಕಾ. ಒಂದು ಸಲಾನೂ ಕೇಳಸಿಲ್ಲ."

ಅವರು ಪಕ್ಕದಲ್ಲಿದ್ದ ಸ್ಕ್ರೂಡ್ರೈವರನ್ನು ದೂರ ಸರಿಸಿದರು. ಆಮೇಲೆ ಮೆಲ್ಲಗೆ, "ಹಂಗಾರ ಅಕಿ ಕರದಿರಬೇಕು" ಎಂದರು.

ಕಾಕು ಹೋದ ದಿನ ಅವರನ್ನು ಒಯ್ದಿದ್ದ ಆಸ್ಪತ್ರೆಯ ಪಡಸಾಲೆಯಲ್ಲಿ ಡಾಕ್ಟರು ಮಗಳಿಗೂ ನನಗೂ ಒಂದು ಮಾತು ಹೇಳಿದ್ದರು. ಕಾಕಾ ತಾವೇ ಅವಳು ಕರೆಯಲಿಲ್ಲ ಎನ್ನುತ್ತಿದ್ದರಲ್ಲ, ಮತ್ತೆ ಯಾಕೆ ಎಂದು ನಾವು ಅವರಿಗೆ ಅದನ್ನು ಮುಟ್ಟಿಸಿರಲೇ ಇಲ್ಲ. ಹೂಂ ಎಂದು ಕೈತೊಳೆದುಕೊಂಡಿದ್ದೆವು. ನಾನು ಅವರ ಕಿವಿಯ ಹತ್ತಿರ ಬಾಗಿದೆ.

"ಕರದಿಲ್ರೀ ಕಾಕಾ. ಬೀಳೂಕಿಂತ ಮೊದಲಽ ಹೃದಯ ನಿಂತದ, ಒಂದು ಕ್ಷಣದಾಗ ಎಲ್ಲಾ ಮುಗದದ ಅಂತ ಡಾಕ್ಟರ್ ಹೇಳ್ಯಾರ. ಕರೀಲಿಕ್ಕೆ ಅವರಿಗೆ ಟೈಮೇ ಸಿಕ್ಕಿಲ್ಲ."

ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. "ಇದೂ ನಿನ್ನ ಹೂಂನಽ ಏನು?"

ಅಲ್ಲ ಎಂದು ತಲೆಯಾಡಿಸಿದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಕಾಕಾ ಗ್ರೀಸು ಮೆತ್ತಿದ ಕೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಇನ್ನೊಮ್ಮೆ ಹೇಳು. ಜೋರಾಗಿ ಹೇಳು."

ಜೋರಾಗಿ ಹೇಳಿದೆ. ಮೇಲಿನ ಬಾಲ್ಕನಿಗಳಿಂದ ಒಬ್ಬಿಬ್ಬರು ಬಗ್ಗಿ ನೋಡಿದರು. ನೋಡಲಿ. ಕಾಕಾ ಇನ್ನೂ ಕೈ ಬಿಟ್ಟಿರಲಿಲ್ಲ. ನಾನು ಮೂರನೆಯ ಸಲವೂ ಹೇಳಿದೆ.